ಗ್ಯಾಟ್ಸ್‌ಬಿ ಪಾಠ: ಗುಂಪು ಚರ್ಚೆ ಐದೇ ನಿಮಿಷಕ್ಕೆ ಮುಗಿದರೆ ಏನು ಮಾಡೋದು?

ಪ್ರಶ್ನೆ: ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಈಗ ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ 11ನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. 28 ಮಕ್ಕಳು, 45 ನಿಮಿಷದ ಪೀರಿಯಡ್. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರಲ್ಲಿ ಪ್ರಕಟಿಸಿದ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯನ್ನು ಆದಷ್ಟು ಗುಂಪು ಚರ್ಚೆಯಲ್ಲೇ ಮಾಡಬೇಕು ಅಂತ ನಮ್ಮ ವಿಭಾಗದವರು ಹೇಳಿದ್ದಾರೆ. ಪ್ರಶ್ನೆ ಕೊಟ್ಟು ಕೂರಿಸಿದರೆ ಐದು ನಿಮಿಷಕ್ಕೆ 'ಮುಗೀತು' ಅಂತಾರೆ. ಗುಂಪಿಗೆ ಒಬ್ಬರು ಮಾತಾಡ್ತಾರೆ, ಉಳಿದವರು ಮೇಜಿನ ಕೆಳಗೆ ಫೋನ್ ನೋಡ್ತಾರೆ. ಅರ್ಧ ಜನ ಪುಸ್ತಕ ಓದಿರೋದಿಲ್ಲ, ನೆಟ್ಟಲ್ಲಿ ಸಾರಾಂಶ ನೋಡಿಕೊಂಡು ಬರ್ತಾರೆ. ನಾನು ಕಲಿತಿದ್ದು ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು. ಸುಮ್ನೆ ಕೂತರೆ ಸಂಬಳ ತಗೊಂಡು ಕೆಲಸ ಮಾಡದೆ ಇದ್ದೀನಿ ಅನಿಸುತ್ತೆ, ಮತ್ತೆ ನಾನೇ ಪಾಠ ಶುರು ಮಾಡಿಬಿಡ್ತೀನಿ. ನಾನು ಕೊಟ್ಟ ಮೂರು ಪ್ರಶ್ನೆಗಳನ್ನೂ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಪ್ರಶ್ನೆಗಳನ್ನು ಕಳಿಸಿದ್ದು ಒಳ್ಳೆಯದಾಯಿತು. 'ಅಮೆರಿಕನ್ ಡ್ರೀಮ್ ಅಂದರೇನು?', 'ಹಸಿರು ದೀಪ ಯಾವುದರ ಸಂಕೇತ?', 'ಡೇಸಿ ನಿಮಗೆ ಇಷ್ಟವಾದಳೇ?' ತೊಂದರೆ ಇರುವುದು ಇಲ್ಲೇ. ಈ ಮೂರಕ್ಕೂ ಪುಸ್ತಕ ತೆರೆಯದೆ ಉತ್ತರ ಹೇಳಬಹುದು. ಮೊದಲನೆಯದಕ್ಕೆ ಗೋಡೆಗೆ ಅಂಟಿಸುವ ಪೋಸ್ಟರಿನ ಮಾತು ಸಿಗುತ್ತದೆ. ಎರಡನೆಯದಕ್ಕೆ ನೆಟ್ಟಲ್ಲಿ ಒಂದು ಸಾಲಿನ ಉತ್ತರ ರೆಡಿ ಇದೆ, ಅದನ್ನು ಹೇಳಿಬಿಟ್ಟ ಮೇಲೆ ಗುಂಪಿನಲ್ಲಿ ಕೂತವರು ಇನ್ನೇನು ಮಾಡಬೇಕು? ಮೂರನೆಯದಕ್ಕೆ 'ಇಲ್ಲ' ಅಂದರೆ ಕತೆ ಮುಗಿಯಿತು. ಐದು ನಿಮಿಷವೇ ಜಾಸ್ತಿ.

ಪ್ರಶ್ನೆ ಬರೆದ ಮೇಲೆ ನಾನು ಅದನ್ನು ಹೀಗೆ ನೋಡುತ್ತೇನೆ. ಪುಸ್ತಕವನ್ನು ಗಮನವಿಟ್ಟು ಓದಿದ ಇಬ್ಬರು ಇದಕ್ಕೆ ನಿಜವಾಗಿಯೂ ಬೇರೆ ಬೇರೆ ಉತ್ತರ ಕೊಡಬಹುದಾ? ಅವರ ಜಗಳ ಮುಂದೆ ಹೋಗಬೇಕಾದರೆ ಪುಟ ತಿರುಗಿಸಲೇಬೇಕಾ? ಎರಡಕ್ಕೂ ಹೌದು ಅಂತ ಬಂದರೆ ಮಾತ್ರ ಅದು ಕ್ಲಾಸಿಗೆ ಹೋಗುತ್ತದೆ. ಗುಂಪು ಹೇಗೆ ಮಾಡಬೇಕು, ಕುರ್ಚಿ ಹೇಗೆ ಹಾಕಬೇಕು, ಯಾರಿಗೆ ಯಾವ ಕೆಲಸ, ಇದೆಲ್ಲ ಆಮೇಲಿನ ಮಾತು. ಚರ್ಚೆಯ ತರಬೇತಿಗಳಲ್ಲಿ ಇದನ್ನೇ ಉಲ್ಟಾ ಮಾಡುತ್ತಾರೆ, ಕುರ್ಚಿಯ ಬಗ್ಗೆ ಅರ್ಧ ದಿನ, ಪ್ರಶ್ನೆಯ ಬಗ್ಗೆ ಹತ್ತು ನಿಮಿಷ. ಪ್ರಶ್ನೆ ಸರಿ ಇದ್ದರೆ ಕುರ್ಚಿ ಹೇಗಿದ್ದರೂ ನಡೆಯುತ್ತದೆ.

ಈ ಕಾದಂಬರಿಯಲ್ಲಿ ಅಂಥ ಜಾಗಗಳಿಗೆ ಕೊರತೆ ಇಲ್ಲ. ಒಂಬತ್ತೇ ಅಧ್ಯಾಯ, 1922ರ ಒಂದೇ ಬೇಸಿಗೆಯ ಕತೆ. ಎಲ್ಲವನ್ನೂ ಹೇಳುವವನು ನಿಕ್ ಕ್ಯಾರವೇ, ಗ್ಯಾಟ್ಸ್‌ಬಿಯ ಪಕ್ಕದ ಮನೆಯ ಬಾಡಿಗೆದಾರ. ಗ್ಯಾಟ್ಸ್‌ಬಿ ಬಡತನದಿಂದ ಬಂದು ಶ್ರೀಮಂತನಾದವನು, ಹಿಂದೆ ಪ್ರೀತಿಸಿದ್ದ, ಈಗ ಮದುವೆಯಾಗಿರುವ ಡೇಸಿಯನ್ನು ಮತ್ತೆ ಪಡೆಯಲು ಹೊರಟವನು. ನಮಗೆ ಗೊತ್ತಾಗುವುದೆಲ್ಲ ಅವನ ಮೂಲಕವೇ. ಅವನನ್ನು ಎಷ್ಟು ನಂಬಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಶುರುವಿನಲ್ಲೇ, ನಾನು ಯಾರ ಬಗ್ಗೆಯೂ ಸುಲಭಕ್ಕೆ ತೀರ್ಪು ಕೊಡುವವನಲ್ಲ ಅನ್ನುತ್ತಾನೆ. ಆಮೇಲೆ ಸಿಕ್ಕಿದವರಿಗೆಲ್ಲ ತೀರ್ಪು ಕೊಡುತ್ತಾ ಹೋಗುತ್ತಾನೆ. ಮೂರನೇ ಅಧ್ಯಾಯದ ಕೊನೆಗೆ, ನಾನು ಕಂಡ ಕೆಲವೇ ಪ್ರಾಮಾಣಿಕರಲ್ಲಿ ನಾನೂ ಒಬ್ಬ ಅಂತ ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಾನೆ. ಡೇಸಿ ಅವನ ಸಂಬಂಧಿ. ಅವಳ ಗಂಡ ಟಾಮ್‌ಗೆ ಮರ್ಟಲ್ ಅನ್ನುವವಳ ಜೊತೆ ಸಂಬಂಧ ಇದೆ. ಎರಡನೇ ಅಧ್ಯಾಯದಲ್ಲಿ ಅವರಿಬ್ಬರ ಜೊತೆ ನಿಕ್ ಅವಳ ಫ್ಲ್ಯಾಟಿಗೇ ಹೋಗಿ ಕುಡಿದು ಬರುತ್ತಾನೆ. ಡೇಸಿಗೆ ಹೇಳುವುದಿಲ್ಲ. ಐದನೇ ಅಧ್ಯಾಯದಲ್ಲಿ ಟಾಮ್‌ಗೆ ಗೊತ್ತಾಗದ ಹಾಗೆ ಡೇಸಿ ಮತ್ತು ಗ್ಯಾಟ್ಸ್‌ಬಿಯನ್ನು ತನ್ನ ಮನೆಗೆ ಟೀಗೆ ಕರೆಯುತ್ತಾನೆ. ಮರ್ಟಲ್‌ಗೆ ಗುದ್ದಿ ಅವಳನ್ನು ಕೊಂದ ಗ್ಯಾಟ್ಸ್‌ಬಿಯ ಕಾರನ್ನು ಓಡಿಸುತ್ತಿದ್ದವಳು ಡೇಸಿ ಅಂತ ಅವನಿಗೆ ಗೊತ್ತು. ಕೊನೆಯ ಅಧ್ಯಾಯದಲ್ಲಿ ಟಾಮ್ ಎದುರಿಗೆ ನಿಂತು, ಗ್ಯಾಟ್ಸ್‌ಬಿಯೇ ಗುದ್ದಿ ನಿಲ್ಲಿಸದೆ ಹೋದ ಅಂತ ಹೇಳಿದಾಗಲೂ ಬಾಯಿ ಬಿಡುವುದಿಲ್ಲ.

ಈಗ ಕೇಳಿ: ನಿಕ್ ಪ್ರಾಮಾಣಿಕನಾ?

ಇದಕ್ಕೂ 'ಹೌದು', 'ಇಲ್ಲ' ಅಂತ ಒಂದೇ ಮಾತಲ್ಲಿ ಮುಗಿಸಬಹುದಲ್ಲ ಅನ್ನಬಹುದು. ಮುಗಿಸಲು ಬಿಡಬೇಡಿ. ಗುಂಪಿನಲ್ಲಿ ಕೂರುವ ಮೊದಲು ಪ್ರತಿಯೊಬ್ಬರೂ ಐದು ನಿಮಿಷ ಬರೆಯಲಿ, ತಮ್ಮ ಉತ್ತರ ಒಂದು ಸಾಲು, ಅದಕ್ಕೆ ಆಧಾರವಾದ ಸಾಲು ಯಾವ ಪುಟದಲ್ಲಿದೆ ಅನ್ನುವುದು ಇನ್ನೊಂದು ಸಾಲು. ಆಮೇಲೆ ನಾಲ್ಕು ಜನ ಕೂತು ಒಂದು ಕೆಲಸ ಮಾಡಬೇಕು: ತಮ್ಮ ವಾದಕ್ಕೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವ ಸಾಲನ್ನು ಹುಡುಕಬೇಕು. ಪರವಾದ ಸಾಲು ಬೇಡ, ವಿರುದ್ಧದ್ದು. ಪ್ರಾಮಾಣಿಕ ಅಂದವರು ಅವನ ಮೌನಗಳನ್ನು ಹುಡುಕುತ್ತಾರೆ. ಅಲ್ಲ ಅಂದವರಿಗೆ, ಸತ್ತ ಗ್ಯಾಟ್ಸ್‌ಬಿಯ ಮನೆಯಲ್ಲಿ ಒಬ್ಬನೇ ನಿಂತು ಫೋನ್ ಮೇಲೆ ಫೋನ್ ಮಾಡಿ ಜನ ಕರೆಯುವ ನಿಕ್ ಸಿಗುತ್ತಾನೆ. ಇನ್ನೂ ಮುಂದೆ ಹೋದ ಗುಂಪಿಗೆ ಡೇಸಿಯ ಗೆಳತಿ ಜೋರ್ಡನ್ ಬೇಕರ್ ಕೊನೆಯಲ್ಲಿ ಅವನಿಗೆ ಹೇಳುವ ಮಾತು ಸಿಗುತ್ತದೆ. ನಿನ್ನನ್ನು ನೇರ ಮನುಷ್ಯ ಅಂದುಕೊಂಡಿದ್ದೆ, ನನ್ನ ಅಂದಾಜು ತಪ್ಪಿತು ಅಂತ ಅವಳು ಚುಚ್ಚುತ್ತಾಳೆ. ಮೂರನೇ ಅಧ್ಯಾಯದಲ್ಲಿ ಇದೇ ನಿಕ್ ಅವಳನ್ನು ಸುಳ್ಳಿ ಅಂದಿದ್ದ ಅನ್ನುವುದು ಯಾರಿಗಾದರೂ ನೆನಪಾದರೆ, ಆವತ್ತಿನ ಪೀರಿಯಡ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದೇ ಬೇಕಾಗಿದ್ದು.

ಇನ್ನೊಂದು ಉದಾಹರಣೆ ಏಳನೇ ಅಧ್ಯಾಯದಲ್ಲಿ ಡೇಸಿಗಾಗಿ ಗ್ಯಾಟ್ಸ್‌ಬಿ ಮತ್ತು ಟಾಮ್ ಎದುರುಬದುರಾಗುವ, ನ್ಯೂಯಾರ್ಕಿನ ಪ್ಲಾಜಾ ಹೋಟೆಲ್ ದೃಶ್ಯ. 'ಡೇಸಿ ಟಾಮ್ ಹತ್ತಿರ ವಾಪಸ್ ಹೋಗಿದ್ದು ಸರಿಯಾ' ಅಂತ ಕೇಳಿದರೆ ಕ್ಲಾಸು ಹರಟೆಕಟ್ಟೆ ಆಗುತ್ತದೆ. ಬದಲಿಗೆ ಹೀಗೆ ಕೇಳಿ: ಗ್ಯಾಟ್ಸ್‌ಬಿ ಸೋತಿದ್ದು ಸರಿಯಾಗಿ ಯಾವ ಸಾಲಿನಲ್ಲಿ? ಬೆರಳಿಟ್ಟು ತೋರಿಸಿ. ಟಾಮ್‌ನನ್ನು ಯಾವತ್ತೂ ಪ್ರೀತಿಸಲಿಲ್ಲ ಅಂತ ಹೇಳು ಅಂತ ಗ್ಯಾಟ್ಸ್‌ಬಿ ಒತ್ತಾಯ ಮಾಡುತ್ತಾನೆ. ಅವಳು ಮನಸ್ಸಿಲ್ಲದೆ ಹೇಳುತ್ತಾಳೆ. ಆಗ ಟಾಮ್, ಹವಾಯಿಯಲ್ಲಿ ಅವಳ ಶೂ ನೆನೆಯದಿರಲಿ ಅಂತ ಎತ್ತಿಕೊಂಡು ಇಳಿಸಿದ ದಿನವನ್ನು ನೆನಪಿಸುತ್ತಾನೆ. ಅವಳ ದನಿ ಬದಲಾಗುತ್ತದೆ. ಅವನನ್ನೂ ಒಂದು ಕಾಲಕ್ಕೆ ಪ್ರೀತಿಸಿದ್ದೆ, ನಿನ್ನನ್ನೂ ಪ್ರೀತಿಸಿದೆ ಅನ್ನುತ್ತಾಳೆ. ಆ 'ನಿನ್ನನ್ನೂ' ಗ್ಯಾಟ್ಸ್‌ಬಿಗೆ ತಗಲುತ್ತದೆ. ಆಮೇಲೆ ಔಷಧಿ ಅಂಗಡಿಗಳ ಹೆಸರಲ್ಲಿ ಕಳ್ಳ ಮದ್ಯ ಮಾರಿದ ಕತೆಯನ್ನು ಟಾಮ್ ಹೊರಗೆ ಹಾಕುತ್ತಾನೆ. ಕೊನೆಗೆ, ನೀವಿಬ್ಬರೂ ಗ್ಯಾಟ್ಸ್‌ಬಿಯ ಕಾರಲ್ಲಿ ಮನೆಗೆ ಹೋಗಿ ಅಂತ ಟಾಮ್ ತಾನೇ ಕಳಿಸಿಕೊಡುತ್ತಾನೆ. ಇನ್ನು ಭಯ ಇಲ್ಲ ಅನ್ನುವ ಧೈರ್ಯ ಅದು. ಒಂದು ಗುಂಪು ಹವಾಯಿ ಅನ್ನುತ್ತದೆ, ಇನ್ನೊಂದು ಔಷಧಿ ಅಂಗಡಿ ಅನ್ನುತ್ತದೆ. ಕಳಿಸಿಕೊಟ್ಟ ಮಾತಿನಲ್ಲೇ ಸೋತ ಅನ್ನುವವರೂ ಇರುತ್ತಾರೆ. ನನ್ನ ಕ್ಲಾಸುಗಳಲ್ಲಿ ಯಾರಾದರೊಬ್ಬರು, ಒತ್ತಾಯ ಮಾಡಿದ ಕ್ಷಣದಲ್ಲೇ ಸೋತ, ಉಳಿದಿದ್ದೆಲ್ಲ ಬರೀ ಶಾಸ್ತ್ರ ಅನ್ನುತ್ತಾರೆ. ಆ ಉತ್ತರ ನನಗೆ ಇಷ್ಟ, ಆದರೆ ಅದನ್ನು ಮುಖದಲ್ಲಿ ತೋರಿಸುವುದಿಲ್ಲ.

ಸಾರಾಂಶ ಓದಿಕೊಂಡು ಬಂದವರ ಸಮಸ್ಯೆಗೂ ಅರ್ಧ ಪರಿಹಾರ ಇಲ್ಲೇ ಸಿಗುತ್ತದೆ. ಸಾರಾಂಶದಲ್ಲಿ 'ಪ್ಲಾಜಾದಲ್ಲಿ ಜಗಳ ಆಯಿತು, ಡೇಸಿ ಹಿಂಜರಿದಳು' ಅಂತ ಇರುತ್ತದೆ. ಯಾವ ಸಾಲು ಅಂತ ಇರುವುದಿಲ್ಲ. ಚಾಟ್‌ಜಿಪಿಟಿಯನ್ನು ಕೇಳಿಕೊಂಡು ಬಂದರೂ ಗಾಬರಿ ಬೇಡ. ಅದು ಕೊಟ್ಟ ಉತ್ತರವನ್ನು ದೊಡ್ಡದಾಗಿ ಹಾಕಿ, ಇದರಲ್ಲಿ ಯಾವ ಮಾತನ್ನು ಪುಸ್ತಕದ ಆ ಪುಟಗಳು ಒಪ್ಪುವುದಿಲ್ಲ ಅಂತ ಕೇಳಿ. ಹದಿನಾರು ವರ್ಷದವರಿಗೆ ಯಂತ್ರದ ತಪ್ಪು ಹಿಡಿಯುವುದಕ್ಕಿಂತ ಖುಷಿ ಇನ್ನೊಂದಿಲ್ಲ.

ಉಳಿದರ್ಧ ಪರಿಹಾರ: ಕ್ಲಾಸಿನಲ್ಲೇ ಓದಿಸಿ. ಮನೆಯಲ್ಲಿ ಓದಿಲ್ಲ ಅಂತ ಬೈದು ಕ್ವಿಜ್ ಕೊಟ್ಟರೆ, ಮಕ್ಕಳು ಕ್ವಿಜ್‌ಗೆ ಬೇಕಾದಷ್ಟು ಸಾರಾಂಶ ಓದುವುದನ್ನು ಕಲಿಯುತ್ತಾರೆ, ಅಷ್ಟೇ. ಈ ಪುಸ್ತಕದ ಕಾಪಿರೈಟ್ ಅಮೆರಿಕದಲ್ಲಿ 2021ರ ಜನವರಿ 1ಕ್ಕೆ ಮುಗಿದಿದೆ. ಹಾಗಾಗಿ ಬೇಕಾದ ಎರಡು ಪುಟವನ್ನು ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಅಗಲ ಜಾಗ ಬಿಟ್ಟು ಪ್ರಿಂಟ್ ಹಾಕಿ ಹಂಚಬಹುದು, ಯಾರ ಅನುಮತಿಯೂ ಬೇಡ. ಪೀರಿಯಡ್‌ನ ಮೊದಲ ಹತ್ತು ನಿಮಿಷ ಆ ಪುಟಗಳನ್ನು ಜೋರಾಗಿ ಓದಿ. ನೀವೇ ಓದಿದರೂ ಸರಿ, ಪ್ಲಾಜಾ ದೃಶ್ಯವಾದರೆ ಮಾತುಗಳನ್ನು ಮಕ್ಕಳಿಗೆ ಹಂಚಿದರೆ ಇನ್ನೂ ಚೆಂದ. ಇಡೀ ಪುಸ್ತಕ ಓದದವರೂ ಈ ಎರಡು ಪುಟದ ಮೇಲೆ ಮಾತಾಡಬಲ್ಲರು. ಅವರಲ್ಲಿ ಕೆಲವರು ಆಮೇಲೆ ಹಿಂದಕ್ಕೆ ಹೋಗಿ ಓದುತ್ತಾರೆ, ಕೆಲವರು ಓದುವುದಿಲ್ಲ. ಒಂಬತ್ತೂ ಅಧ್ಯಾಯವನ್ನು ಸಮನಾಗಿ ಚರ್ಚಿಸಬೇಕು ಅಂತೇನೂ ಇಲ್ಲ. ಆರನೆಯದನ್ನು ನಾನು ಬೇಗ ದಾಟಿಸುತ್ತೇನೆ. ಏಳು ಮತ್ತು ಒಂಬತ್ತರಲ್ಲಿ ದಿನಗಟ್ಟಲೆ ಕೂರುತ್ತೇನೆ.

ಈಗ ಗುಂಪಿನ ವಿಷಯ. 28 ಜನಕ್ಕೆ ನಾಲ್ಕರಂತೆ ಏಳು ಗುಂಪು ಮಾಡಿ. ಐದು ಜನ ಆದರೆ ಒಬ್ಬರು ಅಡಗಿಕೊಳ್ಳುತ್ತಾರೆ, ಮೂರೇ ಆದರೆ ಯಾರೋ ಒಬ್ಬರು ರಜಾ ಹಾಕಿದ ದಿನ ಚರ್ಚೆ ಸತ್ತಂತೆ. ಗೆಳೆಯರನ್ನು ಒಟ್ಟಿಗೆ ಕೂರಿಸಬೇಡಿ, ಹಾಗಂತ ದಿನಾ ಬದಲಾಯಿಸಲೂ ಬೇಡಿ, ಪರಿಚಯ ಇಲ್ಲದವರ ಎದುರು ಯಾರೂ ವಾದ ಮಾಡುವುದಿಲ್ಲ. ಎರಡು ವಾರ ಒಂದೇ ಗುಂಪು ಇರಲಿ.

ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಡುವ ಪದ್ಧತಿಯ ಬಗ್ಗೆ ನಿಮಗೆ ತರಬೇತಿಯಲ್ಲಿ ಹೇಳಿರುತ್ತಾರೆ. ಪ್ರಶ್ನೆ ಕೇಳುವವರು, ಸಾಲು ಹುಡುಕುವವರು, ಚಿತ್ರ ಬರೆಯುವವರು, ಹೊರಗಿನ ಜಗತ್ತಿಗೆ ಜೋಡಿಸುವವರು ಅಂತೆಲ್ಲ. ಇದು ಹಾರ್ವಿ ಡೇನಿಯಲ್ಸ್ ಅವರ 'ಲಿಟರೇಚರ್ ಸರ್ಕಲ್ಸ್' ಪುಸ್ತಕದಿಂದ 1994ರ ನಂತರ ಶಾಲೆ ಶಾಲೆಗೆ ಹರಡಿತು. ಆದರೆ ಪಾತ್ರದ ಹಾಳೆಗಳು ಯಾಂತ್ರಿಕವಾಗುತ್ತಿವೆ, ಅವನ್ನು ಬೇಗ ಕೈಬಿಡಿ ಅಂತ ಆಮೇಲೆ ಡೇನಿಯಲ್ಸ್ ಅವರೇ ಎಚ್ಚರಿಸಿದರು. ಎಚ್ಚರಿಕೆಗಿಂತ ಹಾಳೆಗಳೇ ಜಾಸ್ತಿ ಹರಡಿದವು, ಬಿಡಿ. ನನ್ನ ಅಭಿಪ್ರಾಯ: ಮೊದಲ ಒಂದೆರಡು ದಿನ ಪಾತ್ರ ಇರಲಿ, ಆಮೇಲೆ ಎರಡೇ ಕೆಲಸ ಉಳಿಸಿಕೊಳ್ಳಿ. ಒಬ್ಬರು ಬರೆದುಕೊಳ್ಳುವವರು. ಇನ್ನೊಬ್ಬರ ಕೆಲಸ ಯಾರು ಏನೇ ಹೇಳಿದರೂ 'ಯಾವ ಪುಟ?' ಅಂತ ಕೇಳುವುದು.

ಬೇರೆಯವರಿಗೆ ಮಾತು ಬಿಡದವರನ್ನೇ ಮೊದಲ ಹತ್ತು ನಿಮಿಷ ಬರೆದುಕೊಳ್ಳಲು ಹಾಕಿ. ಬೇರೆಯವರ ಮಾತನ್ನು ಬರೆಯುವಾಗ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಅದು ಶಿಕ್ಷೆ ಅನಿಸದ ಹಾಗೆ, ಕೊನೆಯಲ್ಲಿ ಇಡೀ ಕ್ಲಾಸಿಗೆ ಗುಂಪಿನ ಮಾತು ಹೇಳುವ ಅವಕಾಶವನ್ನೂ ಅವರಿಗೇ ಕೊಡಿ. ಮಾತಾಡದವರಲ್ಲಿ ಎರಡು ಥರ ಇದ್ದಾರೆ. ಓದದೆ ಸುಮ್ಮನಿರುವವರು ಒಂದು ಥರ, ಐದು ನಿಮಿಷದ ಬರಹದಲ್ಲೇ ಗೊತ್ತಾಗುತ್ತದೆ. ಓದಿ, ಚೆನ್ನಾಗಿ ಬರೆದು, ಆದರೂ ಬಾಯಿ ಬಿಡದವರು ಇನ್ನೊಂದು ಥರ. ಅವರಲ್ಲಿ ಕೆಲವರು ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಕೇಳಿಕೊಂಡೇ ಬೆಳೆದವರು, ನಿಮಗೂ ನನಗೂ ಇದು ಹೊಸದಲ್ಲ ಅಲ್ವಾ? ಅಂಥವರು ಬರೆದ ಸಾಲನ್ನು ನೀವು ಮೊದಲೇ ಓದಿ, 'ನೀನು ಬರೆದಿದ್ದನ್ನು ಇವತ್ತು ಗುಂಪಿನಲ್ಲಿ ಮೊದಲು ಓದ್ತೀಯಾ?' ಅಂತ ಪಕ್ಕಕ್ಕೆ ಕರೆದು ಕೇಳಿ. ಎಲ್ಲರೆದುರು ಹೆಸರು ಕೂಗಿ ಎಬ್ಬಿಸಬೇಡಿ. ಮೊದಲ ಮಾತು ಸಿದ್ಧವಾಗಿದ್ದರೆ ಎರಡನೆಯದು ತಾನಾಗಿ ಬರುತ್ತದೆ.

ಫೋನ್ ಬಗ್ಗೆ ಶಾಲೆಯಲ್ಲಿ ಏನು ನಿಯಮ ಇದೆಯೋ ಅದನ್ನು ಪಾಲಿಸಿ. ಪ್ರಿಂಟ್ ಹಾಳೆ, ಪೆನ್ನು ಕೈಯಲ್ಲಿದ್ದರೆ ಅದರ ಕಾಟ ಕಡಿಮೆ ಅನ್ನುವುದಷ್ಟೇ ನನ್ನ ಅನುಭವ.

ಇನ್ನು ಸುಮ್ನೆ ಕೂರುವ ಸಂಕಟ. ಮೇರಿ ಬಡ್ ರೋ ಅನ್ನುವ ಸಂಶೋಧಕಿ ವಿಜ್ಞಾನದ ತರಗತಿಗಳನ್ನು ಗಮನಿಸಿ 1970ರ ದಶಕದಲ್ಲಿ ಬರೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನ ಆಸುಪಾಸು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡದವರೂ ಮಾತಾಡುತ್ತಾರೆ. ಮೂರು ಸೆಕೆಂಡ್ ಕೇಳಲು ಸಣ್ಣದು, 28 ಜನ ನಿಮ್ಮನ್ನೇ ನೋಡುತ್ತಿರುವಾಗ ಅದು ಬಹಳ ದೊಡ್ಡದು. ಆ ಹೊತ್ತಿನಲ್ಲಿ ಕೈಗೆ ಕೆಲಸ ಕೊಡಿ. ಒಂದು ಹಾಳೆಯಲ್ಲಿ ಗುಂಪು ಕೂತಿರುವ ಹಾಗೆ ಹೆಸರು ಬರೆದುಕೊಂಡು, ಯಾರ ಮಾತಿನ ನಂತರ ಯಾರು ಮಾತಾಡಿದರು ಅಂತ ಗೆರೆ ಎಳೆಯುತ್ತಾ ಹೋಗಿ. ಮಕ್ಕಳು ನಿಮ್ಮ ಮುಖ ನೋಡಿದಾಗ ನೀವು ಹಾಳೆ ನೋಡುತ್ತಿರುತ್ತೀರಿ, ಅವರು ವಿಧಿಯಿಲ್ಲದೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಪೀರಿಯಡ್ ಕೊನೆಗೆ ಆ ಹಾಳೆ ತೋರಿಸಿ. ಎಲ್ಲ ಗೆರೆ ಒಬ್ಬಳಿಂದಲೇ ಹೊರಟಿದ್ದರೆ ನೀವು ಏನೂ ಹೇಳಬೇಕಾಗಿಲ್ಲ, ಅವರಿಗೇ ಕಾಣುತ್ತದೆ.

ಆದರೆ ಸುಮ್ನಿರುವುದನ್ನೇ ಧರ್ಮ ಮಾಡಿಕೊಳ್ಳಬೇಡಿ. ಹೇಳಿಕೊಡಬೇಕಾದ್ದನ್ನು ನೇರವಾಗಿ ಹೇಳಿಕೊಡಿ. ನಿಮ್ಮ ಮೈಸೂರಿನ ಮೇಷ್ಟ್ರುಗಳ ದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು, ಆದರೆ ಡಾಕ್ಟರ ಚೀಟಿ ಇದ್ದರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು, ಅದಕ್ಕೇ ಗ್ಯಾಟ್ಸ್‌ಬಿಯ 'ಔಷಧಿ ಅಂಗಡಿ' ಅನ್ನುವ ಮಾತಿಗೆ ಅಷ್ಟು ತೂಕ. ಇದನ್ನು ಗುಂಪಿನಲ್ಲಿ ಕೂತು ಚರ್ಚೆ ಮಾಡಿ ಕಂಡುಹಿಡಿಯಲು ಆಗುವುದಿಲ್ಲ. ಗೊತ್ತಿದ್ದವರು ಎರಡು ನಿಮಿಷದಲ್ಲಿ ಹೇಳಿಬಿಡಬೇಕು.

ಇಂಥ ಹಿನ್ನೆಲೆ ಸಂಗತಿ ಜಾಸ್ತಿ ಇದ್ದರೆ ಜಿಗ್ಸಾ ಪದ್ಧತಿ ಬಳಸಿ. ಇದನ್ನು ರೂಪಿಸಿದ್ದು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್, 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ತಂದಿದ್ದರು, ಕ್ಲಾಸುಗಳಲ್ಲಿ ಹೊಡೆದಾಟ ನಡೆಯುತ್ತಿತ್ತು. ಪ್ರತಿಯೊಬ್ಬರ ಕೈಯಲ್ಲಿ ಪಾಠದ ಒಂದು ತುಂಡು ಕೊಟ್ಟು, ಬೇರೆಯವರಿಂದ ಕೇಳಿಸಿಕೊಳ್ಳದೆ ಪಾಠ ಪೂರ್ತಿ ಆಗದ ಹಾಗೆ ಮಾಡಿದರು. ನಿಮ್ಮ ಕ್ಲಾಸಿಗೆ ನಾಲ್ಕು ತುಂಡು ಸಾಕು. ಪಾನನಿಷೇಧ ಒಂದು. ಹೆಂಗಸರು ಮತ್ತು ಕಾರು ಇನ್ನೊಂದು, ಯಾಕಂದರೆ 1920ರಲ್ಲಿ ಮತದಾನದ ಹಕ್ಕು ಬಂತು, ಜೋರ್ಡನ್ ಬೇಕರ್ ಹೆಸರಲ್ಲೇ ಎರಡು ಕಾರ್ ಕಂಪನಿಗಳ ಹೆಸರಿವೆ. ಕತೆ ನಡೆಯುವ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನ ಭೂಗೋಳ ಮೂರನೆಯದು. ನಾಲ್ಕನೆಯದು ಜನಾಂಗ ಮತ್ತು ವಲಸೆ. ಒಂದು ತುಂಡಿಗೆ ಏಳು ಜನ ಬರುತ್ತಾರೆ, ಅದು ದೊಡ್ಡ ಗುಂಪು, ಮೂರು ಮತ್ತು ನಾಲ್ಕಾಗಿ ಒಡೆಯಿರಿ. ಒಂದು ದಿನ ಓದಿ ತಯಾರಾಗಲಿ, ಮಾರನೇ ದಿನ ತಮ್ಮ ಗುಂಪಿಗೆ ವಾಪಸ್ ಬಂದು ಹೇಳಿಕೊಡಲಿ.

ಲಾಂಗ್ ಐಲ್ಯಾಂಡ್ ತುಂಡು ನಿಮ್ಮ ಕಡೆಯ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಫಿಟ್ಜ್‌ಜೆರಾಲ್ಡ್ ದಂಪತಿ 1922ರಿಂದ 24ರವರೆಗೆ ಗ್ರೇಟ್ ನೆಕ್‌ನಲ್ಲಿ ಬಾಡಿಗೆಗೆ ಇದ್ದರು. ಕಾದಂಬರಿಯಲ್ಲಿ ಗ್ಯಾಟ್ಸ್‌ಬಿಯ ಮನೆ ಇರುವ ವೆಸ್ಟ್ ಎಗ್ ಅದೇ. ಬೂದಿಯ ಕಣಿವೆ ಅಂತ ಬರುವುದು ಕ್ವೀನ್ಸ್‌ನ ಕರೋನಾ ಅನ್ನುವ ಬಡಾವಣೆಯಲ್ಲಿದ್ದ ಬೂದಿ ಗುಡ್ಡೆ, ನ್ಯೂಯಾರ್ಕಿನ ಕಲ್ಲಿದ್ದಲ ಒಲೆಗಳ ಬೂದಿಯನ್ನೆಲ್ಲ ತಂದು ಸುರಿಯುತ್ತಿದ್ದ ಜಾಗ. 1939ರ ವಿಶ್ವಮೇಳಕ್ಕಾಗಿ ಅದನ್ನು ಸಮ ಮಾಡಿದರು, ಈಗ ಅದು ಫ್ಲಶಿಂಗ್ ಮೆಡೋಸ್ ಪಾರ್ಕ್. ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನಕ್ಕೆ ಹೋಗಿ ಕ್ಯಾಂಟೀನಿನಲ್ಲಿ ದೋಸೆ ತಿಂದು ಬಂದ ಕನ್ನಡಿಗರೆಲ್ಲ ಆ ಬೂದಿ ಕಣಿವೆಯ ಆಸುಪಾಸಿನಲ್ಲೇ ಓಡಾಡಿದ್ದಾರೆ, ಗೊತ್ತಿಲ್ಲ ಅಷ್ಟೇ. ನಕ್ಷೆ ಕೊಟ್ಟು, ಗ್ಯಾಟ್ಸ್‌ಬಿಯ ಮನೆಯಿಂದ ಪ್ಲಾಜಾಗೆ ಹೋಗುವ ದಾರಿ ಗುರುತಿಸಿ ಅನ್ನಿ. ದುಡ್ಡಿರುವವರು ಪೇಟೆಗೆ ಹೋಗಬೇಕಾದರೆ ಬೂದಿ ಕಣಿವೆಯಲ್ಲಿರುವ, ಮರ್ಟಲ್‌ನ ಗಂಡ ವಿಲ್ಸನ್‌ನ ಗ್ಯಾರೇಜ್ ಮುಂದೆಯೇ ಹೋಗಬೇಕು ಅನ್ನುವುದು ನಕ್ಷೆಯ ಮೇಲೆ ಕಂಡಾಗ ಕತೆಯ ಅರ್ಧ ಜೋಡಣೆ ಅವರಿಗೆ ತಾನಾಗಿ ಹೊಳೆಯುತ್ತದೆ.

ಜನಾಂಗದ ವಿಷಯವನ್ನು ಹಲವು ಶಿಕ್ಷಕರು ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಮೊದಲ ಅಧ್ಯಾಯದ ಊಟದ ಮೇಜಿನಲ್ಲಿ ಟಾಮ್, ಬಿಳಿಯರು ಎಚ್ಚರ ತಪ್ಪಿದರೆ ಮುಳುಗಿಹೋಗುತ್ತಾರೆ ಅಂತ ಹೇಳುವ ಒಂದು ಪುಸ್ತಕವನ್ನು ಹೊಗಳುತ್ತಾನೆ. ಕಾದಂಬರಿಯಲ್ಲಿ ಲೇಖಕನ ಹೆಸರು ಗೊಡ್ಡಾರ್ಡ್. ಅಂಥದೇ ಪುಸ್ತಕ ನಿಜವಾಗಿಯೂ ಇತ್ತು, ಲೋಥ್ರಪ್ ಸ್ಟೊಡ್ಡಾರ್ಡ್ ಬರೆದದ್ದು, 1920ರಲ್ಲಿ ಬಂದದ್ದು. ಗ್ಯಾಟ್ಸ್‌ಬಿಯನ್ನು ಪ್ರಕಟಿಸಿದ ಸ್ಕ್ರಿಬ್ನರ್ಸ್ ಸಂಸ್ಥೆಯೇ ಅದನ್ನೂ ಪ್ರಕಟಿಸಿತ್ತು. ಟಾಮ್‌ನ ಮಾತು ತಲೆಕೆಟ್ಟ ಶ್ರೀಮಂತನ ಒದರಾಟ ಅಂದುಕೊಂಡು ನಗುವ ಮಕ್ಕಳಿಗೆ ಮುಂದಿನ ಸಂಗತಿ ಕೊಡಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಭಾರತೀಯರು ಕಾನೂನಿನ ಅರ್ಥದಲ್ಲಿ 'ಬಿಳಿಯರು' ಅಲ್ಲ ಅಂತ ಸುಪ್ರೀಂ ಕೋರ್ಟ್ 1923ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಮೊದಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ವಾಪಸ್ ಕಿತ್ತುಕೊಂಡರು. ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ಅಂದರೆ ಕಾದಂಬರಿ ನಡೆಯುವ ಬೇಸಿಗೆಗೂ ಅದು ಅಚ್ಚಾದ ವರ್ಷಕ್ಕೂ ನಡುವೆ, ಟಾಮ್ ಊಟದ ಮೇಜಿನಲ್ಲಿ ಹೇಳಿದ್ದು ಹೆಚ್ಚುಕಡಿಮೆ ಕಾನೂನೇ ಆಗಿಬಿಟ್ಟಿತು. ಏಷ್ಯಾದವರ ವಲಸೆಯನ್ನು ಹೆಚ್ಚುಕಡಿಮೆ ನಿಲ್ಲಿಸಿದ 1924ರ ವಲಸೆ ಕಾಯ್ದೆಯನ್ನೂ ಪಕ್ಕದಲ್ಲಿಡಿ.

ಇದರ ಮೇಲಿನ ಪ್ರಶ್ನೆ ಸುಲಭದ್ದಲ್ಲ. ಟಾಮ್‌ನನ್ನು ಕಾದಂಬರಿ ಗೇಲಿ ಮಾಡುತ್ತದೆ, ಸರಿ. ಆದರೆ ನಾಲ್ಕನೇ ಅಧ್ಯಾಯದಲ್ಲಿ ಯಹೂದಿ ಪಾತ್ರ ವುಲ್ಫ್‌ಶೈಮ್‌ನ ಮೂಗನ್ನೂ ಮಾತನ್ನೂ ನಿಕ್ ವರ್ಣಿಸುವ ರೀತಿ ಗೇಲಿಯಾ, ಅಥವಾ ಅದೂ ಟಾಮ್‌ನ ಮಾತಿನ ಜಾತಿಯದೇನಾ? ಅದು ನಿಕ್‌ನ ಕಣ್ಣಾ, ಬರೆದವನ ಕಣ್ಣಾ? ಎರಡೂ ಅಧ್ಯಾಯದ ಸಾಲುಗಳನ್ನು ಪಕ್ಕಪಕ್ಕ ಅಚ್ಚು ಹಾಕಿ ಕೊಡಿ. ಒಂದೇ ಎಚ್ಚರಿಕೆ: ಕ್ಲಾಸಿನಲ್ಲಿರುವ ಒಬ್ಬ ಕಪ್ಪು ಹುಡುಗನ ಕಡೆಗೋ ಯಹೂದಿ ಹುಡುಗಿಯ ಕಡೆಗೋ ಎಲ್ಲರೂ ತಿರುಗಿ ನೋಡುವ ಹಾಗೆ ಪ್ರಶ್ನೆ ಕೇಳಬೇಡಿ. ಅವರು ಯಾರ ಪ್ರತಿನಿಧಿಯೂ ಅಲ್ಲ. ನೀವು ಭಾರತದವರು ಅನ್ನುವ ಕಾರಣಕ್ಕೆ ಥಿಂಡ್ ಕತೆ ಹೇಳುವಾಗ ಸ್ವಲ್ಪ ಜಾಸ್ತಿ ಆವೇಶ ಬಂದರೂ ಬರಲಿ ಬಿಡಿ.

ಇಡೀ ಕ್ಲಾಸ್ ಒಟ್ಟಿಗೆ ಚರ್ಚೆ ಮಾಡುವ ದಿನಗಳನ್ನು ಎರಡಕ್ಕೆ ಮಿತಿ ಮಾಡಿ, ಏಳನೇ ಅಧ್ಯಾಯ ಮುಗಿದಾಗ ಒಂದು, ಒಂಬತ್ತು ಮುಗಿದಾಗ ಒಂದು. ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸೆಟರ್ ಶಾಲೆಯ ಹಾರ್ಕ್‌ನೆಸ್ ಮೇಜಿನ ವಿಡಿಯೊಗಳನ್ನು ನೋಡಿ ಆಸೆ ಪಡಬೇಡಿ. ಎಡ್ವರ್ಡ್ ಹಾರ್ಕ್‌ನೆಸ್ ಅನ್ನುವ ಶ್ರೀಮಂತ 1930ರಲ್ಲಿ ಕೊಟ್ಟ ದೊಡ್ಡ ದೇಣಿಗೆಯಿಂದ ಹುಟ್ಟಿದ ಪದ್ಧತಿ ಅದು. ಒಂದು ಅಂಡಾಕಾರದ ಮೇಜು, ಸುತ್ತ ಹನ್ನೆರಡರ ಆಸುಪಾಸು ಮಕ್ಕಳು. ನಿಮಗೆ 28. ಹಾಗಾಗಿ ಏಳು ಗುಂಪಿನಿಂದ ಇಬ್ಬರಂತೆ ಹದಿನಾಲ್ಕು ಜನ ಒಳವೃತ್ತದಲ್ಲಿ, ಉಳಿದವರು ಹೊರಗೆ. ಹೊರಗಿನವರು ತಮ್ಮ ಗುಂಪಿನವರ ಹಿಂದೆ ಕೂತು, ಪುಟ ಸಂಖ್ಯೆ ಬರೆದ ಚೀಟಿ ಕೊಡಬಹುದು, ಮಾತಾಡುವಂತಿಲ್ಲ. ಅರ್ಧ ಹೊತ್ತಿಗೆ ಅದಲು ಬದಲು. ಚೀಟಿ ಕೊಡುವವರಿಗೇ ಒಳಗೆ ಹೋಗುವ ಆತುರ ಜಾಸ್ತಿ ಇರುತ್ತದೆ.

ಒಂಬತ್ತನೇ ಅಧ್ಯಾಯಕ್ಕೆ ನಾನು ಯಾವಾಗಲೂ ಒಂದೇ ಪುಟ ತೆಗೆದುಕೊಳ್ಳುತ್ತೇನೆ. ಗ್ಯಾಟ್ಸ್‌ಬಿ ಸತ್ತ ಮೇಲೆ ಅವನ ಅಪ್ಪ ಹೆನ್ರಿ ಗ್ಯಾಟ್ಸ್ ದೂರದಿಂದ ಬರುತ್ತಾನೆ. ಮಗ ಹುಡುಗನಾಗಿದ್ದಾಗ ಒಂದು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದ ಟೈಮ್‌ಟೇಬಲ್ ಅನ್ನು ನಿಕ್‌ಗೆ ಹೆಮ್ಮೆಯಿಂದ ತೋರಿಸುತ್ತಾನೆ. ತಾರೀಖು 1906ರ ಸೆಪ್ಟೆಂಬರ್ 12. ಬೆಳಿಗ್ಗೆ 6ಕ್ಕೆ ಏಳುವುದು, ವ್ಯಾಯಾಮ, ವಿದ್ಯುತ್ತಿನ ಬಗ್ಗೆ ಓದು, ಕೆಲಸ, ಬೇಸ್‌ಬಾಲ್, ಸರಿಯಾಗಿ ಮಾತಾಡುವ ಅಭ್ಯಾಸ, ರಾತ್ರಿ 9ರವರೆಗೆ ಅಗತ್ಯವಿರುವ ಆವಿಷ್ಕಾರಗಳ ಅಧ್ಯಯನ. ಕೆಳಗೆ ಸಂಕಲ್ಪಗಳು: ಸಿಗರೇಟು ಬೇಡ, ವಾರಕ್ಕೆ 5 ಡಾಲರ್ ಉಳಿಸುವುದು, ಅದನ್ನು ಹೊಡೆದುಹಾಕಿ 3 ಡಾಲರ್. ಕೊನೆಯದು, ಅಪ್ಪ ಅಮ್ಮನ ಜೊತೆ ಇನ್ನೂ ಚೆನ್ನಾಗಿ ನಡೆದುಕೊಳ್ಳುವುದು. ವಲಸೆ ಬಂದ ಮನೆಗಳ ಮಕ್ಕಳು ಇದನ್ನು ಓದಿ ಮೊದಲು ನಗುತ್ತಾರೆ, ಯಾಕಂದರೆ ಇಂಥದ್ದೇ ಒಂದು ಅವರ ಮನೆಯ ಫ್ರಿಡ್ಜ್ ಮೇಲೂ ಅಂಟಿರುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯ ದಿನಚರಿಯನ್ನೂ ಪಕ್ಕದಲ್ಲಿ ಕೊಟ್ಟರೆ, ಗ್ಯಾಟ್ಸ್‌ಬಿ ಎಲ್ಲಿಂದ ಕಾಪಿ ಹೊಡೆದ ಅಂತ ಅವರೇ ಹೇಳುತ್ತಾರೆ.

ಈಗ ನಾಲ್ಕನೇ ಅಧ್ಯಾಯಕ್ಕೆ ಕಳಿಸಿ. ಕಾರಲ್ಲಿ ಹೋಗುವಾಗ ಗ್ಯಾಟ್ಸ್‌ಬಿ ನಿಕ್‌ಗೆ ಏನು ಹೇಳುತ್ತಾನೆ? ನನ್ನ ಮನೆಯವರೆಲ್ಲ ಸತ್ತುಹೋದರು, ನನಗೆ ತುಂಬ ದುಡ್ಡು ಬಂತು ಅನ್ನುತ್ತಾನೆ. ಅಪ್ಪ ಬದುಕಿದ್ದಾನೆ! ಮತ್ತೆ ಒಂಬತ್ತಕ್ಕೆ ಬನ್ನಿ, ಅಪ್ಪ ಹೇಳುತ್ತಾನೆ, ಎರಡು ವರ್ಷದ ಹಿಂದೆ ಬಂದು ನಾನೀಗ ಇರುವ ಮನೆ ಕೊಡಿಸಿ ಹೋದ. ಪ್ರಶ್ನೆ ಇಷ್ಟೇ: ಆ ಹಾಳೆಯ ಕೊನೆಯ ಸಂಕಲ್ಪವನ್ನು ಅವನು ಉಳಿಸಿಕೊಂಡನಾ? ಮನೆ ಕೊಡಿಸಿದ ಅನ್ನುವವರು, ಸತ್ತರು ಅಂತ ಹೇಳಿಕೊಂಡು ತಿರುಗಿದ ಅನ್ನುವವರು, ಹಾಗೆ ಹೇಳಿಕೊಳ್ಳದೆ ಅವನು ಗ್ಯಾಟ್ಸ್‌ಬಿ ಆಗುತ್ತಲೇ ಇರಲಿಲ್ಲ ಅನ್ನುವವರು ಎಲ್ಲ ಸಿಗುತ್ತಾರೆ. ಅಪ್ಪನಿಗೆ ಇದು ಗೊತ್ತಿತ್ತಾ ಅಂತ ಒಬ್ಬರಾದರೂ ಕೇಳುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಅರ್ಧ ಉತ್ತರ ಇದೆ: ಓಡಿಹೋದಾಗ ಬೇಜಾರಾಗಿತ್ತು, ಈಗ ಕಾರಣ ಅರ್ಥವಾಗುತ್ತದೆ ಅನ್ನುವ ಥರದ ಮಾತು ಅಪ್ಪನ ಬಾಯಲ್ಲೇ ಬರುತ್ತದೆ. ಅದನ್ನು ನೀವು ತೋರಿಸಬೇಡಿ, ಹುಡುಕಲಿ. ನಿಮ್ಮ 'ಅಮೆರಿಕನ್ ಡ್ರೀಮ್ ಅಂದರೇನು' ಪ್ರಶ್ನೆಯನ್ನು ಕೇಳಲೇಬೇಕು ಅನಿಸಿದರೆ ಆ ಪೀರಿಯಡ್‌ನ ಕೊನೆಯ ಹತ್ತು ನಿಮಿಷ ಕೇಳಿ. ಆಗ ಪೋಸ್ಟರ್ ಮಾತು ಬರುವುದಿಲ್ಲ.

ಮಾರ್ಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಪೋಷಕರು ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ. ಇಡೀ ಗುಂಪಿಗೆ ಒಂದೇ ಮಾರ್ಕ್ಸ್ ಯಾವತ್ತೂ ಕೊಡಬೇಡಿ, ಒಬ್ಬ ದುಡಿದು ಮೂವರು ಉಣ್ಣುತ್ತಾರೆ, ಇಲ್ಲವೇ ಆ ಮೂವರಿಂದಾಗಿ ಒಬ್ಬನ ಮಾರ್ಕ್ಸ್ ಕಡಿಮೆಯಾಗಿ ಅವರಮ್ಮ ಇಮೇಲ್ ಬರೆಯುತ್ತಾರೆ. ಎಷ್ಟು ಸಲ ಮಾತಾಡಿದರು ಅಂತ ಎಣಿಸಿಯೂ ಕೊಡಬೇಡಿ, ಸುಮ್ಮನೆ ಬಾಯಿ ಹಾಕುವುದನ್ನು ಕಲಿಯುತ್ತಾರೆ. ಚರ್ಚೆಗೆ ಮುಂಚಿನ ಐದು ನಿಮಿಷದ ಬರಹ, ಚರ್ಚೆಯ ನಂತರದ ಒಂದು ಪ್ಯಾರಾ, ಇವೆರಡಕ್ಕೆ ಕೊಡಿ. ನಂತರದ ಪ್ಯಾರಾದಲ್ಲಿ ಹೇಳಬೇಕಾದ್ದು: ಯಾರ ಯಾವ ಮಾತು ನನ್ನ ಉತ್ತರವನ್ನು ಅಲುಗಾಡಿಸಿತು, ಯಾವ ಪುಟದ ಆಧಾರದ ಮೇಲೆ. ಏನೂ ಬದಲಾಗಲಿಲ್ಲ ಅಂದರೆ ಯಾಕೆ ಆಗಲಿಲ್ಲ ಅಂತ ಬರೆಯಲಿ, ಅದಕ್ಕೂ ಪೂರ್ತಿ ಮಾರ್ಕ್ಸ್ ಸಿಗಬಹುದು. ಮಾತಾಡದ ಹುಡುಗಿಯ ಹೆಸರು ಬೇರೆಯವರ ಪ್ಯಾರಾಗಳಲ್ಲಿ ಬಂದರೆ ಅವಳನ್ನು ಕರೆದು ತೋರಿಸಿ.

ಪ್ರಿನ್ಸಿಪಾಲರು ಕ್ಲಾಸ್ ನೋಡಲು ಬಂದ ದಿನ ನೀವು ಸುಮ್ನೆ ಕೂತಿದ್ದೀರಲ್ಲ ಅನ್ನುವ ಭಯ ಬೇಡ. ನ್ಯೂಜೆರ್ಸಿ ರಾಜ್ಯದ ಕಲಿಕಾ ಮಾನದಂಡಗಳಲ್ಲಿ 11-12ನೇ ತರಗತಿಯ ಮಾತು ಮತ್ತು ಆಲಿಸುವಿಕೆ ಭಾಗದ ಮೊದಲ ಅಂಶವೇ, ಮಕ್ಕಳು ಓದಿ ತಯಾರಾಗಿ ಬಂದು, ಪಠ್ಯದ ಆಧಾರ ಕೊಟ್ಟು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಕಟ್ಟಬೇಕು ಅನ್ನುವುದು. ನಿಮ್ಮ ಗೆರೆ ಎಳೆದ ಹಾಳೆಗಳನ್ನು ಒಂದು ಫೈಲಿನಲ್ಲಿ ಹಾಕಿಡಿ, ಕೇಳಿದರೆ ಅದನ್ನೇ ಕೈಗೆ ಕೊಡಿ.

ಎಲ್ಲವನ್ನೂ ಒಂದೇ ಸಲ ಶುರು ಮಾಡಬೇಡಿ. ಮುಂದಿನ ವಾರ ಪ್ಲಾಜಾ ದೃಶ್ಯದ ಪುಟಗಳನ್ನು ಪ್ರಿಂಟ್ ಹಾಕಿ, 'ಯಾವ ಸಾಲಿನಲ್ಲಿ ಸೋತ' ಅನ್ನುವ ಒಂದೇ ಪ್ರಶ್ನೆ ಕೊಡಿ. ಐದು ನಿಮಿಷಕ್ಕೆ ಯಾವುದಾದರೂ ಗುಂಪು 'ಮುಗೀತು' ಅಂದರೆ ಪಕ್ಕದ ಗುಂಪು ಗುರುತು ಹಾಕಿದ ಹಾಳೆಯನ್ನು ತಂದು ಅವರ ಮುಂದಿಟ್ಟು ಬನ್ನಿ. ಸಾಲು ಬೇರೆ ಇರುತ್ತದೆ.